ಈ ಬೆಕ್ಕಿಗೆ ಊಟ ಹಾಕುವವರು ಯಾರು?

2012ರ ಫೆಬ್ರವರಿಯಲ್ಲಿ ರೋಮಿನಲ್ಲಿ ನಾನು ತೆಗೆದ ಫೋಟೋ ಒಂದು ಧಾರವಾಡದ ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿ ಹನ್ನೊಂದು ವರ್ಷ ನಿಂತಿತ್ತು. ಮುರಿದ ಕಂಬದ ತುಂಡೊಂದರ ಮೇಲೆ ಬೂದು ಪಟ್ಟೆಗಳ ಬೆಕ್ಕೊಂದು ಮುಂಗಾಲುಗಳನ್ನು ಎದೆಯಡಿಗೆ ಮಡಚಿಕೊಂಡು ಕುಳಿತಿದೆ. ಹಿಂದೆ ಕಂಬಗಳ ಸಾಲು, ಕಂಬಗಳ ಬುಡದ ನೆರಳಿನಲ್ಲಿ ಕರಗದೆ ಉಳಿದ ಹಿಮದ ಗೆರೆ. ಆ ವರ್ಷ ಫೆಬ್ರವರಿಯ ಮೊದಲ ವಾರದಲ್ಲಿ ರೋಮಿನಲ್ಲಿ ಅಪರೂಪಕ್ಕೆ ಹಿಮ ಬಿದ್ದಿತ್ತು. ಮಿಲಾನಿನಲ್ಲಿ ಕೆಲಸದಲ್ಲಿರುವ ತಮ್ಮ ನನ್ನನ್ನು ರೋಮು ತೋರಿಸಲೆಂದು ಕರೆದುಕೊಂಡು ಹೋಗಿದ್ದ. ಪದವಿಪೂರ್ವ ಕಾಲೇಜಿನಲ್ಲಿ ವರ್ಷವರ್ಷವೂ ಜೂಲಿಯಸ್ ಸೀಸರನ ಕೊಲೆಯ ಪಾಠ ಮಾಡಿದ್ದ ನನಗೆ ಆ ಊರಿನಲ್ಲಿ ನೋಡಲೇಬೇಕೆಂದಿದ್ದ ಜಾಗ ಒಂದೇ ಆಗಿತ್ತು. ಊರಿಗೆ ಮರಳಿದ ಮೇಲೆ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಹಿಂಬದಿಯಲ್ಲಿ 'ಸೀಸರ್ ಬಿದ್ದ ಜಾಗ' ಎಂದು ಬರೆದು, ಚೌಕಟ್ಟು ಕೂಡಿಸಿದೆ.

ಅದನ್ನು ಮೊದಲು ನೋಡಿದವಳು ಅವ್ವ. ಕನ್ನಡಕವನ್ನು ಹಣೆಗೆ ಏರಿಸಿ, ಚಿತ್ರವನ್ನು ಮುಖದ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಎರಡು ಸಾವಿರ ವರ್ಷ ಹಳೆಯ ಕಲ್ಲುಗಳ ಬಗ್ಗೆ, ಸೀಸರನ ಮೈಮೇಲಿದ್ದವೆನ್ನಲಾದ ಇಪ್ಪತ್ತಮೂರು ಇರಿತಗಳ ಬಗ್ಗೆ ನಾನು ಹೇಳುತ್ತಲೇ ಇದ್ದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಇದಕ್ಕ ಊಟಾ ಹಾಕವ್ರು ಯಾರು?" ಎಂದಳು. ಅದು ಅಲ್ಲೇ ಇರುವ ಬೆಕ್ಕು, ಇಲಿ ಹಿಡಿದುಕೊಂಡು ತಿನ್ನುತ್ತದೆ ಎಂದೆ. "ಇಲಿ ತಿಂದು ಬದುಕೋ ಬೆಕ್ಕು ಹಿಂಗ ಮೈ ತುಂಬಿಕೊಂಡು ಕುಂದ್ರಂಗಿಲ್ಲ. ಇದರ ತೊಗಲು ನೋಡು, ಹೆಂಗ ಮಿಂಚತದ. ಯಾರೋ ಹೊತ್ತಹೊತ್ತಿಗೆ ಹಾಕತಾರ" ಎಂದು ಚಿತ್ರವನ್ನು ನನ್ನ ಕೈಗೆ ಮರಳಿಸಿದಳು.

ಆ ರಾತ್ರಿ ನನಗೆ ನೆನಪಾದದ್ದು ಫೋಟೋದಲ್ಲಿ ಇಲ್ಲದ ಒಬ್ಬ ಹೆಂಗಸು. ಅಂದು ಸಂಜೆ ನಾವು ಬೀದಿಯ ಅಂಚಿನ ಕಬ್ಬಿಣದ ಕಟಕಟೆಗೆ ಆತುಕೊಂಡು ಕೆಳಗೆ ನೋಡುತ್ತಿದ್ದೆವು. ಆಗ 8ನೇ ನಂಬರಿನ ಟ್ರಾಮಿನ ಕೊನೆಯ ನಿಲ್ದಾಣ ಅಲ್ಲೇ ಇತ್ತು, ಬೆನ್ನ ಹಿಂದೆ ಜನ ಇಳಿಯುತ್ತಿದ್ದರು, ಹತ್ತುತ್ತಿದ್ದರು. ಬೆಕ್ಕು ಕಂಬದ ಮೇಲೆ ಕುಳಿತಿದ್ದನ್ನು ಕಂಡು ನಾನು ಕ್ಯಾಮೆರಾ ಎತ್ತಿದಾಗ ಕೆಳಗಿನ ದಕ್ಷಿಣದ ಮೂಲೆಯಿಂದ ದಪ್ಪ ಕೋಟು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಕೈಯಲ್ಲಿ ಬಕೆಟ್ ಹಿಡಿದು, ಹಿಮದಲ್ಲಿ ಜಾರದಂತೆ ಕಾಲು ಊರಿಕೊಳ್ಳುತ್ತ ನಡೆದು ಬಂದರು. ಕಲ್ಲುಗಳ ಸಂದಿಗಳಿಂದ ಒಂದೊಂದಾಗಿ ಬೆಕ್ಕುಗಳು ಎದ್ದು ಬಂದವು. ಆ ಹೆಂಗಸು ಬಾಗಿ ಏನನ್ನೋ ಇಟ್ಟರು, ಒಂದು ಬೆಕ್ಕಿನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣು ಪರೀಕ್ಷಿಸಿದರು, ಮತ್ತೆ ಮುಂದಕ್ಕೆ ನಡೆದರು. ಅಷ್ಟು ಹೊತ್ತೂ ಅವರು ನನ್ನ ಚೌಕಟ್ಟಿನ ನಡುವೆಯೇ ಇದ್ದರು. "ಅಕ್ಕಾ, ಲಗೂನ ತಗೀ, ಟ್ರಾಮ್ ಹೋಗ್ತದ" ಎಂದು ತಮ್ಮ ಅವಸರಪಡಿಸುತ್ತಿದ್ದರೂ ನಾನು ಕ್ಯಾಮೆರಾ ಕೆಳಗಿಳಿಸದೆ, ಅವರು ಸರಿದು ಹೋಗುವವರೆಗೆ ಕಾದಿದ್ದೆ. ಅವ್ವ ಕೇಳಿದ ಪ್ರಶ್ನೆಗೆ ಉತ್ತರವಾಗಿದ್ದವರನ್ನು ನಾನೇ ಚಿತ್ರದಿಂದ ಹೊರಗೆ ಇಟ್ಟಿದ್ದೆ ಎನ್ನುವುದು ಅಂದಿನಿಂದ ನನ್ನನ್ನು ಬಿಡಲಿಲ್ಲ.

ಬೀದಿಯಿಂದ ಆರು ಮೀಟರ್ ಕೆಳಗೆ

ಆ ಚೌಕದ ಹೆಸರು ಲಾರ್ಗೊ ದಿ ತೊರ್ರೆ ಅರ್ಜೆಂಟೀನಾ. ಹೆಸರಿಗೂ ದಕ್ಷಿಣ ಅಮೆರಿಕದ ದೇಶಕ್ಕೂ ಸಂಬಂಧವಿಲ್ಲ. ಪೋಪರ ಆಸ್ಥಾನದಲ್ಲಿ ಸಮಾರಂಭಗಳ ವಿಧಿವಿಧಾನ ನೋಡಿಕೊಳ್ಳುತ್ತಿದ್ದ ಯೊಹಾನ್ನೆಸ್ ಬುರ್ಕಾರ್ಡ್ ಎಂಬವನು ಸ್ಟ್ರಾಸ್‌ಬರ್ಗ್ ಕಡೆಯಿಂದ ಬಂದವನು. ಲ್ಯಾಟಿನ್ನಿನಲ್ಲಿ ಆ ಊರು ಅರ್ಜೆಂತೊರಾತುಂ ಆಗಿದ್ದರಿಂದ ಅವನ ಮನೆಯ ಗೋಪುರಕ್ಕೆ ಅರ್ಜೆಂಟೀನಾ ಎಂಬ ಹೆಸರು ಬಂತು, ಕಾಲಕ್ರಮೇಣ ಸುತ್ತಲಿನ ಪ್ರದೇಶಕ್ಕೂ ಅಂಟಿಕೊಂಡಿತು. 1926ರಲ್ಲಿ ಇಲ್ಲಿನ ಹಳೆಯ ಮನೆಗಳನ್ನೂ ಸಾನ್ ನಿಕೊಲಾ ಎಂಬ ಚರ್ಚನ್ನೂ ಕೆಡವಲು ತೊಡಗಿದ್ದು ಹೊಸ ಕಟ್ಟಡಗಳಿಗೆ ಜಾಗ ಮಾಡಲೆಂದು. ಕೆಡವಿದಂತೆಲ್ಲ ನೆಲದಡಿಯಿಂದ ದೇವಾಲಯಗಳು ಎದ್ದವು. ನಾಲ್ಕು ದೇವಾಲಯಗಳು ಸಾಲಾಗಿ, ಎಲ್ಲವೂ ರೋಮಿನ ಗಣರಾಜ್ಯದ ಕಾಲದವು, ಅಂದರೆ ಚಕ್ರವರ್ತಿಗಳು ಬರುವ ಮೊದಲಿನವು. ಕಟ್ಟಡಗಳ ಯೋಜನೆಯನ್ನು ಕೈಬಿಟ್ಟರು, ಅಗೆತ ಮುಂದುವರಿಯಿತು, 1929ರ ಏಪ್ರಿಲ್ 21ರಂದು, ರೋಮಿನ ಹುಟ್ಟುಹಬ್ಬವೆಂದು ಆಚರಿಸುವ ದಿನ, ಮುಸೊಲಿನಿಯ ಸರ್ಕಾರ ಈ ಜಾಗವನ್ನು ಉದ್ಘಾಟಿಸಿತು.

ಯಾವ ದೇವರದ್ದು ಯಾವ ದೇವಾಲಯ ಎಂಬುದು ಆಗ ಖಚಿತವಿರಲಿಲ್ಲವಾದ್ದರಿಂದ ವಿದ್ವಾಂಸರು ಅವುಗಳನ್ನು ಎ, ಬಿ, ಸಿ, ಡಿ ಎಂದು ಕರೆದರು. ಆ ಅಕ್ಷರಗಳೇ ಇಂದಿಗೂ ಬಳಕೆಯಲ್ಲಿವೆ. ಇವುಗಳಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಬಿ, ದುಂಡಗಿನ ದೇವಾಲಯ. ಅದರ ಆರು ಕಂಬಗಳು ಇಂದಿಗೂ ನಿಂತಿವೆ. ಕ್ರಿ.ಪೂ. 101ರಲ್ಲಿ ವೆರ್ಸೆಲ್ಲಾಯೆ ಎಂಬಲ್ಲಿ ಕಿಂಬ್ರಿ ಜನರ ಮೇಲೆ ನಡೆದ ಯುದ್ಧದ ದಿನ ರೋಮಿನ ಸೇನಾಪತಿ ಕ್ವಿಂತುಸ್ ಲುತಾತಿಯುಸ್ ಕಾತುಲುಸ್ ಹೊತ್ತ ಹರಕೆಯ ಫಲ ಅದು. ಹರಕೆ ಹೊತ್ತದ್ದು ಒಬ್ಬ ವಿಶೇಷ ದೇವಿಗೆ: 'ಈ ದಿನದ ಭಾಗ್ಯ' ಎಂಬ ಅರ್ಥದ ಹೆಸರಿನ ಫೋರ್ತುನಾ. ಒಟ್ಟಾರೆ ಅದೃಷ್ಟದ ದೇವಿಗೆ ರೋಮಿನಲ್ಲಿ ಬೇರೆ ಗುಡಿಗಳಿದ್ದವು, ಇವಳು ಇಂದಿನ ಒಂದು ದಿನದ ಪಾಲಿಗೆ ಮಾತ್ರ ಒಲಿಯುವವಳು. ಅವಳ ವಿಗ್ರಹದ ಅಮೃತಶಿಲೆಯ ತಲೆ ಅಗೆತದಲ್ಲಿ ಸಿಕ್ಕಿತು. ಸುಮಾರು ಒಂದೂವರೆ ಮೀಟರ್ ಎತ್ತರದ ಆ ತಲೆ ಈಗ ಹಳೆಯ ವಿದ್ಯುತ್ ಸ್ಥಾವರವೊಂದನ್ನು ವಸ್ತುಸಂಗ್ರಹಾಲಯವಾಗಿಸಿದ ಚೆಂತ್ರಾಲೆ ಮೊಂತೆಮಾರ್ತಿನಿಯಲ್ಲಿದೆ. ಎ ದೇವಾಲಯವನ್ನು ಮಧ್ಯಯುಗದಲ್ಲಿ ಚರ್ಚಾಗಿ ಪರಿವರ್ತಿಸಿದ್ದರು. ಕೆಡವಿದ ಸಾನ್ ನಿಕೊಲಾ ಅದೇ, ಅದರ ಅರೆವೃತ್ತದ ಗೋಡೆಗಳು ಇನ್ನೂ ಪ್ರಾಚೀನ ಕಂಬಗಳ ನಡುವೆ ಉಳಿದುಕೊಂಡಿವೆ. ಸೀಸರನ ಕೊಲೆ ನಡೆದದ್ದು ಈ ನಾಲ್ಕರಲ್ಲಿ ಯಾವುದರಲ್ಲೂ ಅಲ್ಲ. ಸೆನೆಟ್ಟಿನ ಸಭಾಭವನ ಹೊಸದಾಗಿ ಕಟ್ಟಲಾಗುತ್ತಿದ್ದ ಕಾಲವಾದ್ದರಿಂದ ಕ್ರಿ.ಪೂ. 44ರ ಮಾರ್ಚ್ 15ರ ಸಭೆ ರೋಮಿನ ಸೇನಾಪತಿ ಪಾಂಪೆ ಕಟ್ಟಿಸಿದ ರಂಗಮಂದಿರದ ಸಂಕೀರ್ಣದೊಳಗಿನ ಭವನದಲ್ಲಿ ಸೇರಿತ್ತು. ಅದರ ಬುನಾದಿಯ ಒಂದು ಭಾಗ ಬಿ ಮತ್ತು ಸಿ ದೇವಾಲಯಗಳ ಬೆನ್ನ ಹಿಂದೆ, ಪಶ್ಚಿಮದ ಅಂಚಿನಲ್ಲಿ, ಟೊಳ್ಳುಟೊಳ್ಳಾದ ತೂಫಾ ಕಲ್ಲಿನ ಗುಪ್ಪೆಯಾಗಿ ಕಾಣುತ್ತದೆ. ಉಳಿದದ್ದು ಬೀದಿಯ ಮತ್ತು ಕಟ್ಟಡಗಳ ಅಡಿಯಲ್ಲಿದೆ. ಆ ಭವನವನ್ನು ಮುಂದೆ ಗೋಡೆ ಕಟ್ಟಿ ಮುಚ್ಚಲಾಯಿತು, ಅದರ ಪಕ್ಕದಲ್ಲಿ ಚಕ್ರವರ್ತಿಗಳ ಕಾಲದಲ್ಲಿ ಸಾರ್ವಜನಿಕ ಶೌಚಾಲಯ ಎದ್ದಿತು. ರೋಮಿನವರಿಗೆ ತಮ್ಮ ಇತಿಹಾಸದ ಅತಿ ದೊಡ್ಡ ಕೊಲೆಯ ಜಾಗವನ್ನು ಪೂಜಿಸುತ್ತ ಕೂರುವ ಉದ್ದೇಶ ಇರಲಿಲ್ಲ ಎಂದು ಇದರಿಂದ ತಿಳಿಯಬಹುದು.

ಅಗೆದದ್ದರಿಂದ ಊರ ನಡುವೆ ಆರು ಮೀಟರ್ ಆಳದ ಒಂದು ಗುಂಡಿ ಉಂಟಾಯಿತು. ಅಲ್ಲಿ ವಾಹನ ಬರುವುದಿಲ್ಲ, ನಾಯಿ ಇಳಿಯುವುದಿಲ್ಲ, 2023ರವರೆಗೆ ಪ್ರವಾಸಿಗರಿಗೂ ಪ್ರವೇಶವಿರಲಿಲ್ಲ. ಹಗಲೆಲ್ಲ ಬಿಸಿಲು ಹೀರಿದ ಕಲ್ಲು ಸಂಜೆಯವರೆಗೆ ಬೆಚ್ಚಗಿರುತ್ತದೆ, ಬೀದಿಯಡಿಯ ಕಮಾನುಗಳಲ್ಲಿ ಮಳೆಗೆ ಆಸರೆ ಸಿಗುತ್ತದೆ. ಅಗೆತ ಮುಗಿದ ಕಾಲದಿಂದಲೂ ಬೆಕ್ಕುಗಳು ಇಲ್ಲಿ ನೆಲೆಸಿವೆ. ಎರಡು ಸಾವಿರ ವರ್ಷದ ಕಲ್ಲುಗಳ ನಡುವಿನ ಅವುಗಳ ವಾಸಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ.

ವಾರಸುದಾರರ ಕಥೆ

ಆದರೂ ರೋಮಿನಲ್ಲಿ ಯಾರನ್ನು ಕೇಳಿದರೂ ಬೇರೆಯದೇ ಕಥೆ ಹೇಳುತ್ತಾರೆ. ಈ ಬೆಕ್ಕುಗಳು ಈಜಿಪ್ಟಿನಿಂದ ಕ್ಲಿಯೋಪಾತ್ರಳ ಕಾಲದಲ್ಲಿ ಬಂದವುಗಳ ವಂಶ, ಸೀಸರನ ನಗರದ ನಿಜವಾದ ವಾರಸುದಾರರು ಇವೇ, ಚಕ್ರವರ್ತಿಗಳು ಹೋದರೂ ಬೆಕ್ಕುಗಳು ಉಳಿದವು. ಕೇಳಲು ಸೊಗಸಾಗಿರುವ ಈ ಮಾತುಗಳನ್ನು ನಾನೂ ತರಗತಿಯಲ್ಲಿ ಒಂದೆರಡು ಬಾರಿ ಹೇಳಿದ್ದೇನೆ, ಮಕ್ಕಳ ಕಣ್ಣರಳಿದ್ದನ್ನು ಕಂಡು ಹಿಗ್ಗಿದ್ದೇನೆ.

ಕಥೆಯಲ್ಲಿ ಸ್ವಲ್ಪ ಸತ್ಯವಿದೆ. ಮನೆಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕು. ಹಳೆಯ ರೋಮನ್ ಮನೆಗಳಲ್ಲಿ ಇಲಿ ಹಿಡಿಯುವ ಕೆಲಸವನ್ನು ಬಹುಪಾಲು ಮುಂಗುಸಿಯಂತಹ ವೀಸೆಲ್ ಜಾತಿಯ ಪ್ರಾಣಿಗಳು ಮಾಡುತ್ತಿದ್ದವು. ಬೆಕ್ಕು ನಿಧಾನವಾಗಿ, ಹಡಗುಗಳ ಮೂಲಕ, ಧಾನ್ಯದ ಜೊತೆ, ಸೈನಿಕರ ಬಿಡಾರಗಳ ಬೆನ್ನು ಹಿಡಿದು ಹರಡಿತು. ಪೊಂಪೈ ಎಂಬ ಪ್ರಾಚೀನ ರೋಮನ್ ಊರಿನ 'ಫಾನ್ ಮನೆ'ಯಲ್ಲಿ ಸಿಕ್ಕ, ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿರುವ ಮೊಸಾಯಿಕ್ ಒಂದರಲ್ಲಿ ಬೆಕ್ಕೊಂದು ಹಕ್ಕಿಯ ಮೇಲೆ ಪಂಜ ಊರಿದೆ, ಅದರ ಕಣ್ಣಿನ ಭಾವ ಇಂದಿನ ಯಾವ ಬೆಕ್ಕಿಗೂ ಹೊರತಾದುದಲ್ಲ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಸಿಕ್ಕ ರೋಮನ್ ಹಂಚೊಂದರ ಮೇಲೆ, ಹಸಿಯಾಗಿದ್ದಾಗ ತುಳಿದು ಹೋದ ಬೆಕ್ಕಿನ ಹೆಜ್ಜೆ ಉಳಿದಿದೆ. ಕೃಷಿಯ ಬಗ್ಗೆ ಬರೆದ ಪಲ್ಲಾದಿಯುಸ್ ಪಲ್ಲೆಹೂವಿನ ಮಡಿಗಳನ್ನು ನೆಲ ತೋಡುವ ಪ್ರಾಣಿಗಳಿಂದ ಕಾಪಾಡಲು ಬೆಕ್ಕು ಸಾಕಿರೆಂದು ಸಲಹೆ ಕೊಡುತ್ತಾನೆ. ಲ್ಯಾಟಿನ್ನಿನಲ್ಲಿ ಬೆಕ್ಕಿಗಿದ್ದ ಹಳೆಯ ಪದ 'ಫೆಲಿಸ್' ಬದಲು 'ಕತ್ತುಸ್' ಎಂಬ ಹೊಸ ಪದ ಬೇರೂರುತ್ತಿದ್ದ ಕಾಲ ಅದು. ಇಂದಿನ ಇಟಲಿಯ 'ಗತ್ತೊ' ಹುಟ್ಟಿದ್ದು ಅದರಿಂದಲೇ.

ಈಜಿಪ್ಟಿನ ನಂಟಿಗೆ ಪುರಾವೆ ತೊರ್ರೆ ಅರ್ಜೆಂಟೀನಾದಿಂದ ಐದಾರು ನಿಮಿಷದ ನಡಿಗೆಯಲ್ಲೇ ಇದೆ. ಆ ಪ್ರದೇಶದಲ್ಲಿ ಐಸಿಸ್ ದೇವಿಗೆ ದೊಡ್ಡ ದೇವಾಲಯವಿತ್ತು. ಅಲ್ಲಿಂದ ಬಂದ ಪುಟ್ಟ ಅಮೃತಶಿಲೆಯ ಬೆಕ್ಕೊಂದನ್ನು ಗ್ರಾಟ್ಸಿಯೋಲಿ ಅರಮನೆಯ ಗೋಡೆಯ ಅಂಚಿನಲ್ಲಿ ಕೂರಿಸಿದ್ದಾರೆ, ಆ ಓಣಿಗೆ 'ಬೆಕ್ಕಿನ ಬೀದಿ' ಎಂದೇ ಹೆಸರು, ವೀಯಾ ದೆಲ್ಲಾ ಗತ್ತಾ. ಬೆಕ್ಕು ನೋಡುತ್ತಿರುವ ದಿಕ್ಕಿನಲ್ಲಿ ನಿಧಿ ಹೂತಿದೆ ಎಂಬ ನಂಬಿಕೆಯೂ ಉಂಟು. ಆದರೆ ಈ ಕಲ್ಲಿನ ಬೆಕ್ಕಿನಿಂದ ನನ್ನ ಫೋಟೋದ ಬೆಕ್ಕಿನವರೆಗೆ ಅಖಂಡವಾದ ವಂಶದ ದಾರವನ್ನು ಎಳೆಯುವುದು ನಮ್ಮ ಆಸೆ ಮಾತ್ರ. ತೊರ್ರೆ ಅರ್ಜೆಂಟೀನಾದ ಬೆಕ್ಕುಗಳಲ್ಲಿ ಬಹಳಷ್ಟು ಯಾರೋ ಮನೆಯಲ್ಲಿ ಸಾಕಿ, ಬೇಡವಾದಾಗ ತಂದು ಬಿಟ್ಟವು. ಅದೂ ವಿಶೇಷವಾಗಿ ಬೇಸಿಗೆಯಲ್ಲಿ, ಇಡೀ ಇಟಲಿ ರಜೆಗೆಂದು ಸಮುದ್ರದ ಕಡೆಗೆ ಹೊರಡುವ ಹೊತ್ತಿಗೆ. ಸಾಕಿದ ಪ್ರಾಣಿಯನ್ನು ಬಿಟ್ಟು ಹೋಗುವುದು ಆ ದೇಶದಲ್ಲಿ ಅಪರಾಧ, ಆದರೂ ಬಿಡುತ್ತಾರೆ. ಬೆಕ್ಕುಗಳು ಗುಂಪಾಗಿ ಬದುಕಿರುವ ಜಾಗದಲ್ಲಿ ಬಿಟ್ಟರೆ ಇದೂ ಬದುಕೀತೆಂಬ ಸಮಾಧಾನ ಬಿಟ್ಟವರಿಗೆ ಸಿಗುತ್ತದೆ. ವಾರಸುದಾರರ ಕಥೆ ಆ ಸಮಾಧಾನಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ ಎನ್ನುವುದೇ ನನಗೆ ಅದರ ಮೇಲಿರುವ ಆಕ್ಷೇಪ. ಹೊರಗೆ ಹಾಕಿಸಿಕೊಂಡ ಪ್ರಾಣಿಯನ್ನು ನಾವು ಸಿಂಹಾಸನದ ಮೇಲೆ ಕೂತ ಹಾಗೆ ನೋಡುತ್ತೇವೆ, ಅದು ಇಲ್ಲಿಗೆ ಹೇಗೆ ಬಂತೆಂದು ಕೇಳುವುದನ್ನೇ ಮರೆಯುತ್ತೇವೆ.

ಡಿ ದೇವಾಲಯದ ಮೇಲೆ

ರೋಮಿನಲ್ಲಿ ಬೆಕ್ಕುಗಳಿಗೆ ಊಟ ಹಾಕುವ ಹೆಂಗಸರಿಗೆ ಒಂದು ಹೆಸರೇ ಇದೆ, 'ಗತ್ತಾರೆ'. ಒಬ್ಬಳಾದರೆ ಗತ್ತಾರಾ. ಆ ಪದದಲ್ಲಿ ಪ್ರೀತಿಯೂ ಇದೆ, ಒಂಟಿ ಮುದುಕಿಯರ ಹುಚ್ಚು ಎಂಬ ಸಣ್ಣ ತಾತ್ಸಾರವೂ ಇದೆ. ಪಕ್ಕದ ಅರ್ಜೆಂಟೀನಾ ರಂಗಮಂದಿರದಲ್ಲಿ ಅಭಿನಯಿಸುತ್ತಿದ್ದ ಹೆಸರಾಂತ ನಟಿ ಆನ್ನಾ ಮಾನ್ಯಾನಿ ಕೂಡ ಇಲ್ಲಿನ ಬೆಕ್ಕುಗಳಿಗೆ ಊಟ ತರುತ್ತಿದ್ದರೆಂದು ಊರವರು ನೆನೆಯುತ್ತಾರೆ. 1990ರ ದಶಕದ ಆರಂಭದಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಈ ಬೆಕ್ಕುಗಳನ್ನು ನೋಡಿಕೊಳ್ಳುತ್ತಿದ್ದರು. ಅವರಿಗೆ ಕೈಜೋಡಿಸಲು ಬಂದ ಲಿಯಾ ದೆಕ್ವೆಲ್ ಮತ್ತು ಸಿಲ್ವಿಯಾ ವಿವಿಯಾನಿ ಎಂಬ ಇಬ್ಬರು ಮುಂದೆ ಇಡೀ ಹೊಣೆಯನ್ನೇ ಹೊತ್ತರು. ಬೀದಿಯಡಿಯಲ್ಲಿದ್ದ ಗುಹೆಯಂತಹ ತಗ್ಗು ಜಾಗವೇ ಅವರ ನೆಲೆ. ಮೊದಲಿಗೆ ಅಲ್ಲಿ ನೀರೂ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಮೇಲೆ ಕಟಕಟೆಯ ಬಳಿ ನಿಂತ ಪ್ರವಾಸಿಗರ ಹತ್ತಿರ ಹೋಗಿ ದೇಣಿಗೆ ಕೇಳಿ, ಬಂದ ಹಣದಲ್ಲಿ ಊಟ, ಔಷಧ, ಶಸ್ತ್ರಚಿಕಿತ್ಸೆ ನಡೆಸಿದರು.

ಕಾನೂನು ಅವರ ಬೆಂಬಲಕ್ಕಿತ್ತು. 1991ರ ಆಗಸ್ಟಿನಲ್ಲಿ ಬಂದ 281ನೇ ನಂಬರಿನ ಇಟಲಿಯ ಕಾನೂನು ಬೀದಿಬೆಕ್ಕುಗಳಿಗೆ ಹಿಂಸೆ ಮಾಡುವುದನ್ನು ನಿಷೇಧಿಸಿ, ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಅವು ಇದ್ದ ಗುಂಪಿಗೇ ಮರಳಿ ಬಿಡಬೇಕೆಂದು ವಿಧಿಸಿತು. 2001ರಲ್ಲಿ ರೋಮ್ ನಗರಸಭೆ ಕೊಲೊಸಿಯಂ, ಫೋರಂ ಮತ್ತು ತೊರ್ರೆ ಅರ್ಜೆಂಟೀನಾದಂತಹ ಪ್ರಾಚೀನ ಸ್ಥಳಗಳ ಬೆಕ್ಕುಗಳನ್ನು ನಗರದ ಜೈವಿಕ-ಸಾಂಸ್ಕೃತಿಕ ಪರಂಪರೆಯ ಭಾಗವೆಂದು ಘೋಷಿಸಿತು.

ನಾನು ಫೋಟೋ ತೆಗೆದ ವರ್ಷದ ಕೊನೆಯಲ್ಲೇ ಇದೆಲ್ಲ ವಿವಾದಕ್ಕೆ ಸಿಲುಕಿತು. ತಮ್ಮ ನೆಲೆಯನ್ನು ಅಧಿಕೃತಗೊಳಿಸಿರೆಂದು ಗತ್ತಾರೆಗಳು ಕೇಳಿಕೊಂಡಾಗ ಪುರಾತತ್ವ ಅಧಿಕಾರಿಗಳು ಒಪ್ಪದೆ, ಅದು ಅನುಮತಿಯಿಲ್ಲದ ಕಟ್ಟಡ, ತೆರವಾಗಬೇಕು ಎಂದರು. ಅವರ ವಾದಕ್ಕೆ ಆಧಾರವಿತ್ತು. ಆ ನೆಲೆ ಇರುವುದು ಡಿ ದೇವಾಲಯದ ಬುನಾದಿಯ ಮೇಲೆ. ನಾಲ್ಕರಲ್ಲಿ ಅತಿ ದೊಡ್ಡದಾದ, ಹೆಚ್ಚಿನ ಭಾಗ ಇನ್ನೂ ವೀಯಾ ಫ್ಲೋರಿದಾ ಬೀದಿಯಡಿ ಹುದುಗಿರುವ ಡಿ ದೇವಾಲಯ ಕ್ರಿ.ಪೂ. 190ರಲ್ಲಿ ನೌಕಾಯುದ್ಧವೊಂದರಲ್ಲಿ ಹೊತ್ತ ಹರಕೆಗೆ ಸಂದದ್ದೆಂದು ವಿದ್ವಾಂಸರು ಗುರುತಿಸುತ್ತಾರೆ. ಸಮುದ್ರಯಾನಿಗಳನ್ನು ಕಾಯುವ ಲಾರೆಸ್ ದೇವತೆಗಳಿಗೆ ಮೀಸಲಾದ ಅಂತಹ ದೇವಾಲಯದ ಮೇಲೆ ಬೋನುಗಳು, ಸಿಂಕು, ಕೊಳವೆ, ಮರಳಿನ ತಟ್ಟೆಗಳು ಇರುವುದು ಸರಿಯೇ ಎಂದು ಅವರು ಕೇಳಿದರು. ಇನ್ನೊಂದು ಕಡೆ ಊರಿನವರೂ ಪರದೇಶದವರೂ ಬೆಕ್ಕುಗಳ ಪರವಾಗಿ ಸಹಿ ಹಾಕಿದರು, ಆಗಿನ ಮೇಯರ್ ಕೂಡ ಬೆಕ್ಕುಗಳ ಪಕ್ಷ ವಹಿಸಿದರು.

ಈ ಸುದ್ದಿಯನ್ನು ಧಾರವಾಡದಲ್ಲಿ ಕುಳಿತು ಓದಿದಾಗ ನಾನು ಪುರಾತತ್ವದವರ ಪಕ್ಷದಲ್ಲಿದ್ದೆ. ಅದರ ಹಿಂದಿನ ವರ್ಷ, 2011ರ ಜುಲೈಯಲ್ಲಿ, ಹಂಪಿಯ ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು ತೆರವುಗೊಳಿಸಿದಾಗಲೂ, ಅಷ್ಟು ಸಂಸಾರಗಳು ಬೀದಿಗೆ ಬಂದದ್ದನ್ನು ಓದಿ ಕಸಿವಿಸಿಪಟ್ಟರೂ, ಕೊನೆಗೆ ಸ್ಮಾರಕ ಉಳಿಯಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮನುಷ್ಯರ ಮನೆಯನ್ನೂ ಬೆಕ್ಕಿನ ಗೂಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ, ತೂಗಲೂಬಾರದು. ನನ್ನ ಮನಸ್ಸು ಎರಡೂ ಸಲ ಒಂದೇ ದಾರಿ ಹಿಡಿದಿತ್ತು ಎಂದಷ್ಟೇ ಹೇಳುತ್ತಿದ್ದೇನೆ. ಸ್ಮಾರಕವೆಂದರೆ ಅದು ಕಟ್ಟಿದ ದಿನದ ರೂಪದಲ್ಲಿ ನಮಗೆ ದಕ್ಕಬೇಕು, ಆಮೇಲೆ ಬಂದದ್ದೆಲ್ಲ ಧೂಳು ಎಂದು ನಾನು ನಂಬಿದ್ದೆ. ಹಾಗೆ ನೋಡಿದರೆ ತೊರ್ರೆ ಅರ್ಜೆಂಟೀನಾವನ್ನು ಯಾವ ದಿನಕ್ಕೆ ಮರಳಿಸಬೇಕು? ಎ ದೇವಾಲಯದಲ್ಲಿ ಉಳಿದ ಚರ್ಚಿನ ಗೋಡೆಯನ್ನು ತೆಗೆಯಬೇಕೇ? ಡಿ ದೇವಾಲಯದ ಮೇಲೆ ದಿನವಿಡೀ ಬಸ್ಸು ಓಡಾಡುವ ಬೀದಿಯನ್ನು ಕೀಳಬೇಕೇ? 1855ರಲ್ಲಿ ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ ಕೊಲೊಸಿಯಂ ಒಂದರಲ್ಲೇ 420 ಬಗೆಯ ಗಿಡಗಳು ಬೆಳೆದಿರುವುದನ್ನು ಎಣಿಸಿ ಪುಸ್ತಕ ಮಾಡಿದ. 1870ರ ನಂತರ ಹೊಸ ಇಟಲಿಯ ಪುರಾತತ್ವದವರು ಗೋಡೆಗಳನ್ನು ಉಳಿಸಲೆಂದು ಆ ಹಸಿರನ್ನೆಲ್ಲ ಕಿತ್ತು ಹಾಕಿದರು. ಬೇರುಗಳು ಗೋಡೆಯನ್ನು ಸೀಳುತ್ತಿದ್ದುದರಿಂದ ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ಬೆಕ್ಕಿನ ಪಂಜ ತೂಫಾ ಕಲ್ಲಿಗೆ ಅಂತಹ ಕೇಡನ್ನು ಮಾಡುವುದಿಲ್ಲ. ಪುರಾತತ್ವದವರ ತಕರಾರು ಇದ್ದದ್ದು ಬೆಕ್ಕಿನ ಮೇಲೆ ಅಲ್ಲ, ಬೆಕ್ಕನ್ನು ನೋಡಿಕೊಳ್ಳುವವರ ಸಿಂಕು ಮತ್ತು ಕೊಳವೆಗಳ ಮೇಲೆ. ಕಲ್ಲಿನ ಮೇಲೆ ಮಲಗಿದ ಬೆಕ್ಕು ಎಲ್ಲರಿಗೂ ಬೇಕು, ಫೋಟೋಗೂ ಬೇಕು, ಅಂಚೆಕಾರ್ಡಿಗೂ ಬೇಕು. ಅದರ ಔಷಧ, ಪಾತ್ರೆ, ಗಲೀಜು ಕಣ್ಣಿಗೆ ಬೀಳಬಾರದು. ಆ ಹೆಂಗಸು ಸರಿದು ಹೋಗಲೆಂದು ನಾನು ಕಾದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲವೆಂದು ಹೊಳೆಯಲು ನನಗೆ ಬಹಳ ವರ್ಷ ಹಿಡಿಯಿತು.

ಗತ್ತಾರೆಗಳ ನೆಲೆ ತೆರವಾಗಲಿಲ್ಲ. ಅದು ಈಗಲೂ ಅಲ್ಲೇ ಇದೆ.

ಎಡಗಿವಿ

2023ರ ಡಿಸೆಂಬರಿನಲ್ಲಿ, ನಿವೃತ್ತಿಯಾದ ಮೇಲೆ, ಮತ್ತೆ ರೋಮಿಗೆ ಹೋದೆ. ಆ ಜೂನಿನಿಂದ ತೊರ್ರೆ ಅರ್ಜೆಂಟೀನಾದ ಒಳಗೆ ಓಡಾಡಲು ಕಾಲುದಾರಿ ತೆರೆದಿದ್ದರು. ಆಭರಣದ ಕಂಪನಿ ಬುಲ್ಗರಿ ಅದಕ್ಕೆ ಹಣ ಕೊಟ್ಟಿತ್ತು. ಐದು ಯೂರೊ ಕೊಟ್ಟು ಕೆಳಗಿಳಿದಾಗ, ಹನ್ನೊಂದು ವರ್ಷದ ಹಿಂದೆ ಮೇಲಿನಿಂದ ನೋಡಿದ್ದೆಲ್ಲ ಕಣ್ಣಿನ ಮಟ್ಟಕ್ಕೆ ಬಂತು. ದುಂಡು ದೇವಾಲಯದ ಕಂಬಗಳು ನಾನು ಅಂದುಕೊಂಡಿದ್ದಕ್ಕಿಂತ ಬಹಳ ದಪ್ಪ. ನನ್ನ ಫೋಟೋದ ಕಂಬದ ತುಂಡನ್ನು ಹುಡುಕುತ್ತ ಹೋದೆ, ಅದು ಸಿಕ್ಕಿದ್ದು ಉತ್ತರದ ತುದಿಯಲ್ಲಿ, ಎ ದೇವಾಲಯದ ಎದುರು. ಸೀಸರ್ ಬಿದ್ದ ಭವನದ ಬುನಾದಿ ಅಲ್ಲಿಂದ ದೂರ, ದೇವಾಲಯಗಳ ಬೆನ್ನ ಹಿಂದೆ. ನಾನು ಬರೆದ 'ಸೀಸರ್ ಬಿದ್ದ ಜಾಗ' ತಪ್ಪಾಗಿತ್ತು. ಕಲ್ಲಿನ ಬಗ್ಗೆ ಖಚಿತವಾಗಿ ಗೊತ್ತಿದೆ ಎಂದುಕೊಂಡು ಚೌಕಟ್ಟು ಹಾಕಿಸಿದ್ದವಳಿಗೆ ಕಲ್ಲೂ ಗೊತ್ತಿರಲಿಲ್ಲ.

ದಕ್ಷಿಣದ ಮೂಲೆಯಲ್ಲಿ, ವೀಯಾ ಅರೆನುಲಾ ಬೀದಿ ಸೇರುವ ಕಡೆ, ಗತ್ತಾರೆಗಳ ನೆಲೆಗೆ ಇಳಿಯುವ ಬೇರೆ ಮೆಟ್ಟಿಲುಗಳಿವೆ. ಅದಕ್ಕೆ ಟಿಕೆಟ್ಟಿಲ್ಲ. ತಗ್ಗು ಚಾವಣಿಯ ಒಳಕೋಣೆಯಲ್ಲಿ ಮೊದಲು ಮೂಗಿಗೆ ಬಡಿದದ್ದು ಸೋಂಕುನಾಶಕದ ವಾಸನೆ, ಅದರ ಹಿಂದೆಯೇ ಬೇಯಿಸಿದ ಮೀನಿನದು. ಒಂದು ಕಡೆ ಬೆಕ್ಕಿನ ಚಿತ್ರದ ಬಟ್ಟಲು, ಕ್ಯಾಲೆಂಡರುಗಳನ್ನು ಮಾರಾಟಕ್ಕಿಟ್ಟಿದ್ದರು. ಇನ್ನೊಂದು ಕಡೆ ಬೋನುಗಳ ಸಾಲು, ಅವುಗಳಲ್ಲಿ ಹೊಸದಾಗಿ ಬಂದವು, ಚಿಕಿತ್ಸೆಯಾದವು. ಮೂರು ಕಾಲಿನ ಕಪ್ಪು ಬೆಕ್ಕೊಂದು ಮೇಜಿನ ಮೇಲಿಂದ ಕುರ್ಚಿಗೆ, ಕುರ್ಚಿಯಿಂದ ನೆಲಕ್ಕೆ ಲೆಕ್ಕ ಹಾಕಿದಂತೆ ಇಳಿಯಿತು. ಎರಡೂ ಕಣ್ಣಿಲ್ಲದ ಮುದಿಬೆಕ್ಕೊಂದು ಬಟ್ಟೆಯ ಗುಪ್ಪೆಯ ಮೇಲೆ ಮಲಗಿ, ನಾನು ಹತ್ತಿರ ಹೋದಾಗ ಕಿವಿಯನ್ನು ಮಾತ್ರ ನನ್ನ ಕಡೆ ತಿರುಗಿಸಿತು. ಇಂತಹವುಗಳನ್ನು ಮನೆಗೆ ಒಯ್ಯಲು ಯಾರೂ ಸುಲಭವಾಗಿ ಮುಂದೆ ಬರುವುದಿಲ್ಲವಾದ್ದರಿಂದ 'ದೂರದ ದತ್ತು' ಎಂಬ ವ್ಯವಸ್ಥೆ ಇದೆ. ಎಲ್ಲೋ ಇರುವ ಒಬ್ಬರು ಒಂದು ಬೆಕ್ಕಿನ ಖರ್ಚು ಕಳಿಸುತ್ತಾರೆ, ಬೆಕ್ಕು ಇಲ್ಲೇ ಇರುತ್ತದೆ. ಮೇಲೆ ಬಸ್ಸು ಹಾದುಹೋದಾಗಲೆಲ್ಲ ಚಾವಣಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ಬೆಕ್ಕುಗಳಿಗೆ ಅದು ರೂಢಿಯಾಗಿತ್ತು, ನಾನೊಬ್ಬಳೇ ತಲೆಯೆತ್ತಿ ನೋಡುತ್ತಿದ್ದೆ.

ಅಲ್ಲಿದ್ದ ಸ್ವಯಂಸೇವಕಿಯೊಬ್ಬರು ಇಂಗ್ಲಿಷ್ ಬಲ್ಲವರು, ಅರವತ್ತು ದಾಟಿದವರು, ತೋಳಿನ ತುಂಬ ಗೀರುಗಾಯ. ಮಾತಾಡುತ್ತಲೇ ಪಾತ್ರೆ ತೊಳೆಯುತ್ತಿದ್ದರು. ಸೀಸರನ ಬಗ್ಗೆ ನಾನು ಏನೋ ಹೇಳಿದಾಗ ನಕ್ಕು, ಜನ ಅದನ್ನೇ ಕೇಳುತ್ತಾರೆ, ನಮಗೆ ಬೆಳಗಾದರೆ ಎಷ್ಟು ಡಬ್ಬಿ ಉಳಿದಿದೆ ಎಂಬುದೇ ಚಿಂತೆ ಎಂದರು. ಕೆಲಸದ ಕ್ರಮವನ್ನು ವಿವರಿಸಿದರು. ಹೊಸ ಬೆಕ್ಕು ಕಂಡರೆ ಬೋನು ಇಟ್ಟು ಹಿಡಿಯುವುದು, ರೋಗವಿದೆಯೇ ಎಂದು ಪರೀಕ್ಷೆ ಮಾಡಿಸುವುದು, ಸಂತಾನಹರಣ ಚಿಕಿತ್ಸೆ, ಲಸಿಕೆ, ಸೌಮ್ಯವಾಗಿದ್ದರೆ ಮನೆ ಹುಡುಕುವುದು, ಇಲ್ಲದಿದ್ದರೆ ಕಲ್ಲುಗಳ ನಡುವೆ ಮರಳಿ ಬಿಡುವುದು. ಬಿಟ್ಟದ್ದನ್ನು ಮತ್ತೆ ಹಿಡಿದು ಎರಡನೇ ಸಲ ಹೊಟ್ಟೆ ಕೊಯ್ಯಬಾರದಲ್ಲ, ಹಾಗಾಗಿ ಅರಿವಳಿಕೆಯಲ್ಲಿರುವಾಗಲೇ ಒಂದು ಕಿವಿಯ ತುದಿಯನ್ನು ತುಸು ಕತ್ತರಿಸಿ ಗುರುತು ಮಾಡುತ್ತಾರಂತೆ. ದೂರದಿಂದ ನೋಡಿದರೂ ಇದು ಆಗಿದೆ ಎಂದು ತಿಳಿಯುತ್ತದೆ.

ನಾನು ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ತೋರಿಸಿದೆ. ಈ ಬೆಕ್ಕು ಗೊತ್ತೇ ಎಂದು ಕೇಳಿದೆ. ಹನ್ನೊಂದು ವರ್ಷದ ಹಿಂದಿನದು, ಗೊತ್ತಿರಲಾರದು ಎಂದು ನನಗೇ ಅನ್ನಿಸಿತ್ತು. ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಎರಡು ಬೆರಳುಗಳಿಂದ ಚಿತ್ರವನ್ನು ದೊಡ್ಡದು ಮಾಡಿದರು. ಕಂಬ ಜರುಗಿತು, ಹಿಮ ಜರುಗಿತು, ಬೆಕ್ಕಿನ ಮುಖ ಪರದೆಯನ್ನು ತುಂಬಿತು. ಹೆಸರು ಹೇಳಲಾರೆ, ನಾನು ಇಲ್ಲಿಗೆ ಬಂದದ್ದು ಆಮೇಲೆ, ಆದರೆ ಇಲ್ಲಿ ನೋಡಿ ಎಂದು ಎಡಗಿವಿಯ ಮೇಲೆ ಬೆರಳಿಟ್ಟರು. ಬಲಗಿವಿ ಚೂಪಾಗಿತ್ತು. ಎಡಗಿವಿಯ ತುದಿ ಗೆರೆ ಎಳೆದ ಹಾಗೆ ನೇರವಾಗಿ ಮುಗಿದಿತ್ತು. ಹನ್ನೊಂದು ವರ್ಷ ದಿನವೂ ಕಣ್ಣೆದುರು ಇದ್ದ ಚಿತ್ರ ಅದು. ನಾನು ಆ ಚಳಿಯಲ್ಲಿ ಕ್ಯಾಮೆರಾ ಎತ್ತುವುದಕ್ಕೆ ಎಷ್ಟೋ ಮೊದಲೇ ಯಾರೋ ಆ ಬೆಕ್ಕಿಗಾಗಿ ಬೋನು ಹೂಡಿ ಕಾದಿದ್ದರು, ಹಿಡಿದು ವೈದ್ಯರ ಬಳಿ ಹೊತ್ತೊಯ್ದಿದ್ದರು, ಗಾಯ ಮಾಯುವವರೆಗೆ ನೋಡಿಕೊಂಡು ತಂದು ಬಿಟ್ಟಿದ್ದರು.

ಮಿಲಾನಿಗೆ ಮರಳುವ ರೈಲಿನಲ್ಲಿ ಕುಳಿತು ಅವ್ವನಿಗೆ ಫೋನ್ ಮಾಡಿದೆ. ಎಂಬತ್ತಾರು ವರ್ಷದ ಅವಳಿಗೆ ಕಿವಿ ಅಷ್ಟಾಗಿ ಕೇಳಿಸುವುದಿಲ್ಲ, ಎರಡೆರಡು ಸಲ ಹೇಳಬೇಕು. ಕಪಾಟಿನ ಮೇಲಿನ ಬೆಕ್ಕಿಗೆ ಊಟ ಹಾಕುವವರು ಸಿಕ್ಕರು ಎಂದೆ. ಯಾವ ಬೆಕ್ಕು ಎಂದು ಅವಳು ಕೇಳಲಿಲ್ಲ.

"ದಿನಾ ಹಾಕತಾರೇನು?" ಎಂದಳು.

"ದಿನಾ ಹಾಕತಾರವ್ವಾ."

"ಐತವಾರಾನೂ?"

"ಐತವಾರಾನೂ" ಎಂದೆ.